ದಫ್ತರ ಯಾರ ಮನೇಲಿರುತ್ತೆ?

ಈ ಕಡೆ ಬಂದು ಬಹಳ ದಿನ ಆಗಿತ್ತು. ಕೆಲಸ, ಊರು, ಮತ್ತೆ ಕೆಲಸ... ಇವತ್ತು ಬರೆಯೋಕೆ ಕೂತಿದ್ದು ನಮ್ಮಪ್ಪ ಕೇಳಿದ ಒಂದು ಪ್ರಶ್ನೆಯಿಂದ. ಸ್ವಲ್ಪ ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ :)

ವಿಷಯ ಇಷ್ಟೆ. ಆದಿವಾಲದ ನಮ್ಮ ಮನೆಯಲ್ಲಿ ಟೀವಿ ಪಕ್ಕ ಒಂದು ಪುಟ್ಟ ಮಿನಿ ಪಿಸಿ ಇತ್ತು. ಅದರಲ್ಲಿ ಎನ್‌ಎಟ್‌ಎನ್ ಅನ್ನೋ ತಂತ್ರಾಂಶ ಹಾಕಿ ಒಂದು ಎಐ ಏಜೆಂಟ್ ಕಟ್ಟಿದ್ದೆ. ಅಪ್ಪ ಗೊಬ್ಬರದ ಅಂಗಡಿ ಬಿಲ್ಲನ್ನೋ, ಮೋಟರ್ ರಿವೈಂಡಿಂಗ್ ಚೀಟಿಯನ್ನೋ ಫೋಟೋ ತೆಗೆದು ಟೆಲಿಗ್ರಾಂಗೆ ಕಳಿಸಿದರೆ ಅದು ಓದಿಕೊಂಡು ಲೆಕ್ಕಕ್ಕೆ ಸೇರಿಸುತ್ತೆ. ಬೆಳಗ್ಗೆ ಕೊಬ್ಬರಿ, ಅಡಿಕೆ, ಈರುಳ್ಳಿ ಮಾರುಕಟ್ಟೆ ಧಾರಣೆ, ಮಳೆ ಮುನ್ಸೂಚನೆ, ವಾಣಿವಿಲಾಸ ಸಾಗರದ ಮಟ್ಟ, ಎಲ್ಲಾ ಸೇರಿಸಿ ನಾಲ್ಕು ಸಾಲು ಕನ್ನಡದಲ್ಲಿ ಕಳಿಸುತ್ತೆ. (ಡ್ಯಾಮಿನ ಮಟ್ಟ ನಮ್ಮ ಕಡೆ ಕ್ರಿಕೆಟ್ ಸ್ಕೋರ್ ಇದ್ದಂಗೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳೋಕೆ 2022ರವರೆಗೆ ಕಾಯಿಸಿತ್ತು, ಗೊತ್ತಲ್ಲ!) ಬಂದ ಸಂದೇಶ ಬಿಲ್ಲೋ ಪ್ರಶ್ನೆಯೋ ಸುಮ್ಮನೆ ಫಾರ್ವರ್ಡ್ ಮಾಡಿದ ಗುಡ್ ಮಾರ್ನಿಂಗೋ ಅಂತ ತಾನೇ ತೀರ್ಮಾನ ಮಾಡುತ್ತೆ. ಏಜೆಂಟ್ ಅಂತ ಕರೆಯೋದು ಅದಕ್ಕೇ.

ಈಗ ಅದನ್ನ ಮನೆಯಿಂದ ತೆಗೆದು ಮ್ಯಾನೇಜ್ಡ್ ಹೋಸ್ಟಿಂಗ್‌ಗೆ ಹಾಕಿದೆ. ಅಂದರೆ ಯಂತ್ರ ಅವರದು, ಅಪ್‌ಡೇಟ್ ಅವರದು, ರಾತ್ರಿ ಎದ್ದು ನೋಡೋ ಕೆಲಸ ಅವರದು. ತಿಂಗಳ ಬಾಡಿಗೆ ಮಾತ್ರ ನನ್ನದು. ಕಾರಣ ಹೇಳಬೇಕಾ? ಕರೆಂಟು. ಯುಪಿಎಸ್ ಬ್ಯಾಟರಿ. ನಾನಿರೋದು ಬೆಂಗಳೂರಲ್ಲಿ, ಯಂತ್ರ ಇರೋದು ಹಿರಿಯೂರು ತಾಲ್ಲೂಕಲ್ಲಿ. ಸಾಲದ್ದಕ್ಕೆ 2026ರ ಜನವರಿಯಲ್ಲಿ ಎನ್‌ಎಟ್‌ಎನ್‌ನಲ್ಲಿ ಒಂದು ಭಾರೀ ಭದ್ರತಾ ದೋಷ ಬಯಲಿಗೆ ಬಂತು, ಸ್ವಂತ ಯಂತ್ರದಲ್ಲಿ ನಡೆಸೋರೆಲ್ಲ ತಾವೇ ಹೊಸ ಆವೃತ್ತಿ ಹಾಕಿಕೊಳ್ಳಬೇಕಾಗಿತ್ತು. ನಾನು ಆವತ್ತೇ ಹಾಕಿದೆ, ಆದರೆ ಹೀಗೆ ಎಷ್ಟು ದಿನ ಅಂತ ಅನ್ನಿಸ್ತು.

ಇದನ್ನೆಲ್ಲ ಫೋನಲ್ಲಿ ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದಿದ್ದು ಒಂದೇ ಮಾತು: "ಅದೆಲ್ಲ ಸರಿ ಕಣಪ್ಪಾ, ಹಂಗಾದ್ರೆ ಇನ್ಮೇಲೆ ದಫ್ತರ ಯಾರ ಮನೇಲಿರುತ್ತೆ?"

ದಫ್ತರ! ಎಷ್ಟು ವರ್ಷ ಆಗಿತ್ತು ಆ ಪದ ಕೇಳಿ. ನಮ್ಮ ಇಂಡಸ್ಟ್ರಿಯಲ್ಲಿ ಸೆಲ್ಫ್ ಹೋಸ್ಟಿಂಗೋ ಮ್ಯಾನೇಜ್ಡೋ ಅಂತ ನಡೆಯೋ ಜಗಳ ಏನೋ ಹೊಸದು ಅಂದ್ಕೊಂಡಿದ್ದೆ. ಯೋಚನೆ ಮಾಡಿದರೆ ನಮ್ಮ ಹಳ್ಳಿಗಳ ಲೆಕ್ಕದ ಪುಸ್ತಕ ಇದೇ ದಾರಿಯಲ್ಲಿ ಒಂದಲ್ಲ ಮೂರು ಸಲ ಮನೆ ಬದಲಾಯಿಸಿದೆ. ಆ ಕತೆ ಹೇಳ್ತೀನಿ ಕೇಳಿ.

*

ಮೊದಲ ಮನೆ ಶಾನುಭೋಗರದು. ಮಾತಿಗೆ ಹೇಳ್ತಿಲ್ಲ, ನಿಜಕ್ಕೂ ಮನೆ. ಊರಿನ ಜಮೀನು ಯಾರದು, ಎಷ್ಟು, ಏನು ಬೆಳೆದಿದ್ದಾರೆ, ಕಂದಾಯ ಎಷ್ಟು ಕಟ್ಟಿದ್ದಾರೆ, ಬಾಕಿ ಎಷ್ಟು, ಈ ಎಲ್ಲ ಲೆಕ್ಕ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಕೂತಿರುತ್ತಿತ್ತು. ಹುದ್ದೆ ವಂಶಪಾರಂಪರ್ಯ. ಅಪ್ಪನ ನಂತರ ಮಗ. ಹೀಗಾಗಿ ದಫ್ತರವೂ ಅಪ್ಪನಿಂದ ಮಗನಿಗೆ. ಪಟೇಲರು, ತಳವಾರ, ತೋಟಿ, ನೀರುಗಂಟಿ ಎಲ್ಲರೂ ಊರಿನ ಆಡಳಿತದ ಭಾಗವೇ, ಆದರೆ ಬರವಣಿಗೆ ಇದ್ದದ್ದು ಶಾನುಭೋಗರ ಕೈಯಲ್ಲಿ.

ಕಾಗದ ಸುಲಭಕ್ಕೆ ಸಿಗದ ಕಾಲದಲ್ಲಿ ಲೆಕ್ಕ ಬರೆಯೋಕೆ ಕಡತ ಅಂತ ಇತ್ತು. ಇವತ್ತು ಕಡತ ಅಂದರೆ ಫೈಲ್ ಅಂತ ಅರ್ಥ, ಆದರೆ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೀತಿದ್ದರು. ಕಪ್ಪು ಹಲಗೆ ಇದ್ದ ಹಾಗೆ. ಬೇಡ ಅಂದರೆ ಒರೆಸಿ ಮತ್ತೆ ಬರೆಯಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಓದು-ಬರಹ ಎರಡಕ್ಕೂ ಅವಕಾಶ ಇರೋ ಡಿಸ್ಕು, ಲಾಗ್ ಇಲ್ಲ!! ಮೇಲಾಗಿ ಬರವಣಿಗೆ ಕೂಡು ಅಕ್ಷರದ ಮೋಡಿ. ಬೇರೆಯವರು ಓದೋದು ಕಷ್ಟ. ಇದನ್ನ ಬೇಕಂತಲೇ ಮಾಡಿದ್ದು ಅಂತ ನಾನು ಹೇಳಲ್ಲ, ವೇಗವಾಗಿ ಬರೆಯೋರ ಅಕ್ಷರ ಹಾಗೇ ಆಗುತ್ತೆ. ಪರಿಣಾಮ ಮಾತ್ರ ಎನ್‌ಕ್ರಿಪ್ಷನ್ನಿನದೇ.

ಬ್ಯಾಕಪ್ ಇರಲಿಲ್ಲವಾ? ಇತ್ತು, ಜಮಾಬಂದಿ ಅಂತ. ವರ್ಷಕ್ಕೊಮ್ಮೆ ಊರಿನ ಲೆಕ್ಕವನ್ನೆಲ್ಲ ಮೇಲಿನ ಅಧಿಕಾರಿಗಳು ತಾಳೆ ನೋಡುವ ಪದ್ಧತಿ. ಶಾನುಭೋಗರು ದಫ್ತರ ಹೊತ್ತುಕೊಂಡು ಹೋಗಬೇಕು, ಅಮಲ್ದಾರರ ಕಚೇರಿಯ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ಹೊಂದಬೇಕು. ವರ್ಷಕ್ಕೊಂದು ಸಿಂಕ್ ಅಂದ್ಕೊಳ್ಳಿ. ಮಿಕ್ಕ ದಿನ ಮೂಲಪ್ರತಿ ಊರಲ್ಲೇ.

ಮೈಸೂರು ಸೀಮೆಯಲ್ಲಿ 1863ರಿಂದ ಮುಂಬೈ ಮಾದರಿಯ ರೆವೆನ್ಯೂ ಸರ್ವೆ ಶುರುವಾಯ್ತು. ಹೊಲಗಳಿಗೆ ಸರ್ವೆ ನಂಬರು ಬಂತು, ಮೂಲೆಗಳಿಗೆ ಕಲ್ಲು ಬಂತು, ಪ್ರತಿ ನಂಬರಿಗೂ ವಿಸ್ತೀರ್ಣ ಮತ್ತು ಕಂದಾಯದ ಆಕಾರ ಗೊತ್ತುಮಾಡಿದರು. ನನ್ನ ಪ್ರಕಾರ ಇದು ದಫ್ತರದ ಚರಿತ್ರೆಯಲ್ಲಿ ಮನೆ ಬದಲಾವಣೆಗಿಂತ ದೊಡ್ಡ ವಿಷಯ. ಡೇಟಾಬೇಸ್ ಕೆಲಸ ಮಾಡಿದವರಿಗೆ ಗೊತ್ತು, ಕೋಷ್ಟಕದ ಚೌಕಟ್ಟು ಗಟ್ಟಿಯಾದ ಮೇಲೆ ತಾನೆ ಅದನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋಕೆ ಆಗೋದು. "ಆಲದ ಮರದ ಪಕ್ಕದ ತುಂಡು" ಅನ್ನೋದು ಊರು ಬಿಟ್ಟರೆ ಅರ್ಥ ಆಗಲ್ಲ. ಸರ್ವೆ ನಂಬರು ಬೆಂಗಳೂರಲ್ಲೂ ಅರ್ಥ ಆಗುತ್ತೆ.

ನಮ್ಮಜ್ಜಿ ಹೇಳ್ತಿದ್ದರು, ಲೆಕ್ಕ ಕೇಳೋಕೆ ಹೋದರೆ ಜಗಲಿ ದಾಟಿ ಒಳಗೆ ಹೋಗೋ ಹಾಗಿರಲಿಲ್ಲ ಅಂತ. ಶಾನುಭೋಗರು ಒಳಗಿಂದ ನೋಡಿ ಬಂದು ಹೇಳಿದ್ದೇ ಲೆಕ್ಕ. ಒಳ್ಳೆಯವರಿದ್ದರೆ ಬಡವರ ಪರ ಅರ್ಜಿ ಬರೆದು, ಬರಗಾಲದಲ್ಲಿ ಕಂದಾಯ ಮಾಫಿಗೆ ಶಿಫಾರಸು ಮಾಡಿಸಿ ಊರನ್ನೇ ಕಾಪಾಡ್ತಿದ್ದರು. ಅಲ್ಲದಿದ್ದರೆ... ಅದೂ ಇತ್ತು. ಸಾಹಿತ್ಯದಲ್ಲಿ ನಾವು ಎರಡೂ ಥರದ ಶಾನುಭೋಗರನ್ನ ಓದಿದ್ದೀವಲ್ಲ. ಸ್ವಂತ ಮನೆಯಲ್ಲಿಟ್ಟ ದಫ್ತರ ಅಂದಾಗ ನಮ್ಮ ಸೆಲ್ಫ್ ಹೋಸ್ಟಿಂಗ್ ಭಕ್ತರು ಮರೆಯೋದು ಇದನ್ನೇ: ಅದು ಯಾರ "ಸ್ವಂತ"? ಊರಿನ ದತ್ತಾಂಶ ಊರಲ್ಲೇ ಇತ್ತು ನಿಜ, ಊರಿನ ಒಂದು ಮನೆಯಲ್ಲಿತ್ತು. ಜಗಲಿ ಮೇಲೆ ಕೂತವನಿಗೆ ಅದು ಬೆಂಗಳೂರಿನಷ್ಟೇ ದೂರ.

*

ಇಲ್ಲೊಂದು ಅಡ್ಡಮಾತು. ಕ್ಲೌಡ್ ವಿಷಯ ಬಂದಾಗ ನಮ್ಮವರು ಯಾವಾಗಲೂ ವಿದ್ಯುತ್ತಿನ ಉಪಮೆ ಕೊಡ್ತಾರೆ. ಮೊದಲು ಕಾರ್ಖಾನೆಗಳು ತಮ್ಮ ಶಕ್ತಿ ತಾವೇ ತಯಾರಿಸಿಕೊಳ್ತಿದ್ದವು, ಆಮೇಲೆ ತಂತಿಯಲ್ಲಿ ಬರೋದನ್ನ ಕೊಂಡುಕೊಂಡವು, ಕಂಪ್ಯೂಟಿಂಗ್ ಕೂಡ ಹಾಗೇ ಅಂತ. ಇದಕ್ಕೆ ಅಮೆರಿಕದ ಉದಾಹರಣೆ ಯಾಕೆ ಬೇಕು ಅಂತ ನನ್ನ ಪ್ರಶ್ನೆ. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದೂ ಒಂದು. ಅಲ್ಲಿಯವರೆಗೆ ಗಣಿಯವರು ಬಾಯ್ಲರ್ ಉರಿಸಿ ಹಬೆ ಯಂತ್ರ ಓಡಿಸ್ತಿದ್ದರು. ಬೆಂಗಳೂರಿಗೆ ಬೀದಿ ದೀಪ ಬಂದಿದ್ದೇ ಮೂರು ವರ್ಷ ತಡವಾಗಿ, 1905ರಲ್ಲಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಕೆಲಸ, ಪಾಪ ಅದನ್ನ ನೋಡೋಕೆ ಅವರೇ ಇರಲಿಲ್ಲ, 1901ರಲ್ಲಿ ತೀರಿಕೊಂಡರು.

ಚೆಂದದ ಕತೆ. ಆದರೆ ಉಪಮೆ ಹೊಂದಲ್ಲ. ಯಾಕಂದ್ರೆ ಕರೆಂಟಿಗೆ ನೆನಪಿಲ್ಲ. ಶಿವನಸಮುದ್ರದಿಂದ ಬಂದ ಯೂನಿಟ್ಟೂ ಒಂದೇ, ಬಾಯ್ಲರಿನಿಂದ ಬಂದಿದ್ದೂ ಒಂದೇ. ನಾಳೆ ಇನ್ನೊಬ್ಬರ ಹತ್ತಿರ ಕೊಂಡರೆ ಹಳೆಯವರ ಹತ್ತಿರ ಏನೂ ಉಳಿದಿರಲ್ಲ. ದಫ್ತರ ಹಾಗಲ್ಲ. ಅದರಲ್ಲಿ ನಿಮ್ಮ ಹೆಸರಿದೆ. ನನ್ನ ಏಜೆಂಟೂ ಹಾಗೇ, ಅದರಲ್ಲಿ ಎರಡು ವರ್ಷದ ಕೂಲಿ ಲೆಕ್ಕ ಇದೆ, ಯಾರಿಗೆ ಎಷ್ಟು ಕೈಸಾಲ ಕೊಟ್ಟಿದ್ದೀವಿ ಅನ್ನೋದೂ ಇದೆ. ಅಪ್ಪ "ಕರೆಂಟ್ ಯಾರು ಕೊಡ್ತಾರೆ" ಅಂತ ಕೇಳಲಿಲ್ಲ. ದಫ್ತರ ಯಾರ ಮನೇಲಿ ಅಂತ ಕೇಳಿದರು. ಮೂವತ್ತು ಸ್ಲೈಡಿನ ಪ್ರೆಸೆಂಟೇಷನ್ನಲ್ಲಿ ಬರದ ವಿಷಯ!

*

ಎರಡನೇ ಮನೆ. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ ಎಲ್ಲ ಹೋಯ್ತು. ಜಾಗಕ್ಕೆ ಸಂಬಳದ ನೌಕರ ಬಂದ, ಗ್ರಾಮಲೆಕ್ಕಿಗ. ವಂಶದಿಂದ ಅಲ್ಲ, ನೇಮಕದಿಂದ. ವರ್ಗಾವಣೆ ಆಗಬಹುದು. ಒಬ್ಬ ಲೆಕ್ಕಿಗನಿಗೆ ಮೂರ್ನಾಲ್ಕು ಹಳ್ಳಿ. 1964ರ ಭೂಕಂದಾಯ ಕಾಯ್ದೆಯ ಚೌಕಟ್ಟಿನಲ್ಲಿ ಪಹಣಿ ಈಗ ನಾವು ನೋಡೋ ರೂಪಕ್ಕೆ ಬಂತು. ದಫ್ತರ ಈಗ ಸರ್ಕಾರದ್ದು. ಆದರೆ ಬಹುತೇಕ ಇದ್ದದ್ದು ಲೆಕ್ಕಿಗರ ಬಗಲಲ್ಲೇ. ಅವರು ಸಿಕ್ಕರೆ ಪಹಣಿ, ಸಿಗದಿದ್ದರೆ ನಾಳೆ ಬಾ. ಮಾಲೀಕತ್ವ ಬದಲಾಯ್ತು, ಜಾಗ ಅಷ್ಟೇನೂ ಬದಲಾಗಲಿಲ್ಲ ಅನ್ನಬಹುದು.

ಆ ಪುಸ್ತಕದ ಒಂದು ಸಾಲಿಗೆ ಎಷ್ಟು ಬೆಲೆ ಅನ್ನೋದು ಗೊತ್ತಾಗಿದ್ದು 1974ರಲ್ಲಿ. ಭೂಸುಧಾರಣೆ ತಿದ್ದುಪಡಿ ಕಾಯ್ದೆ ಆ ವರ್ಷ ಮಾರ್ಚ್ 1ಕ್ಕೆ ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವರು ಫಾರಂ 7 ತುಂಬಿ ಭೂನ್ಯಾಯಮಂಡಳಿ ಮುಂದೆ ಹೋಗಬೇಕಾಯ್ತು. ಅಲ್ಲಿ ಮೊದಲು ಕೇಳೋದೇ ಪಹಣಿ. ಸಾಗುವಳಿದಾರರ ಕಾಲಮಿನಲ್ಲಿ ಹೆಸರಿದ್ದವನಿಗೆ ಕೈಯಲ್ಲಿ ಹಿಡಿಯೋಕೆ ಒಂದು ಕಾಗದ ಇತ್ತು. ಬಾಯಿಮಾತಿನ ಗೇಣಿಯಲ್ಲಿ ಇಪ್ಪತ್ತು ವರ್ಷ ಉತ್ತು, ಒಂದು ಸಲವೂ ಹೆಸರು ಬರೆಸದೆ ಇದ್ದವನು ಸಾಕ್ಷಿ ಹುಡುಕಿಕೊಂಡು ಅಲೆಯಬೇಕಿತ್ತು. ಬರೆದವರು ಯಾರು, ಯಾವಾಗ ಬರೆದರು, ಯಾಕೆ ಬರೆಯಲಿಲ್ಲ... ಲಾಗ್ ಇಲ್ಲದ ವ್ಯವಸ್ಥೆಯ ಬೆಲೆ ಇದು.

*

ಮೂರನೇ ಮನೆ ನಿಮಗೆಲ್ಲ ಗೊತ್ತಿರೋದು, ಭೂಮಿ.

ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ ನಮ್ಮ ರಾಜ್ಯದಲ್ಲಿ ನಡೆದಿದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ (ಈಗ ಕಲಬುರಗಿ). ಅದು ಕೈಗೂಡೋಕೆ ಸುಮಾರು ಹತ್ತು ವರ್ಷ ಹಿಡೀತು. ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ತಂತ್ರಾಂಶದಲ್ಲಿ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ದಾಖಲೆ ಕಂಪ್ಯೂಟರಿಗೆ ಹೋಯ್ತು. ಒಂಬತ್ತು ಸಾವಿರದಷ್ಟು ಲೆಕ್ಕಿಗರ ಬಗಲಿನಿಂದ 177 ತಾಲ್ಲೂಕು ಕಚೇರಿಗಳ ಸರ್ವರಿಗೆ! ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆಯ್ತು. ಆಗ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪ್ರತಿ ತಗೊಳ್ಳಬಹುದಿತ್ತು. ನಮ್ಮೂರಿನವರು ಹಿರಿಯೂರು ಬಸ್ಸು ಹತ್ತಿ ಹೋಗಿ ಕ್ಯೂನಲ್ಲಿ ನಿಂತು ಪ್ರಿಂಟ್ ತರೋಕೆ ಶುರು ಮಾಡಿದರು. ನಾನಾಗ ಅಂಗನವಾಡಿ ಮಟ್ಟ.

ಒಬ್ಬ ಎಂಜಿನಿಯರ್ ಆಗಿ ನೋಡಿದರೆ ಭೂಮಿಯಲ್ಲಿ ನನಗೆ ಇಷ್ಟ ಆಗೋದು ಪ್ರಿಂಟರ್ ಅಲ್ಲ, ಎರಡು ಸಣ್ಣ ವಿಷಯ. ಒಂದು, ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕು, ಹಾಗಾಗಿ ಯಾವ ಬದಲಾವಣೆ ಯಾರು ಮಾಡಿದರು ಅನ್ನೋದು ದಾಖಲಾಗುತ್ತೆ. ಎರಡು, ಖಾತೆ ಬದಲಾವಣೆ ಅರ್ಜಿಗಳಿಗೆ ಸರತಿ. ಮೊದಲು ಬಂದಿದ್ದು ಮೊದಲು. ಪರಿಚಯದವರ ಅರ್ಜಿಯನ್ನ ಮೇಲಕ್ಕೆ ಎಳೆದು ಹಾಕೋದು ಸುಲಭ ಅಲ್ಲ. ಬಟ್ಟೆಯ ಕಡತಕ್ಕೂ ಇದಕ್ಕೂ ಇರೋ ದೂರ ಇಷ್ಟೇ, ಇದೇ ದೊಡ್ಡ ದೂರ. ಜಗಲಿಯ ಮೇಲೆ ಕೂತವನು ಮೊದಲ ಸಲ ಪುಸ್ತಕವನ್ನ ತಾನೇ ಕಣ್ಣಾರೆ ನೋಡಿದ. ಈ ಕಾರಣಕ್ಕೆ, ದಫ್ತರ ಊರು ಬಿಟ್ಟಿದ್ದು ಒಟ್ಟಾರೆ ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಜಗಳಕ್ಕೆ ಬರೋರು ಬರಬಹುದು :)

ಬಂದಿದ್ದರು ಕೂಡ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು ಭೂಮಿಯ ಮೇಲೆ ಒಂದು ಖಾರವಾದ ಅಧ್ಯಯನ ಪ್ರಕಟಿಸಿದರು. ಊರಲ್ಲಿ ಚದುರಿಹೋಗಿದ್ದ ದಾಖಲೆ ಒಂದು ಕಡೆ ಸೇರಿದಾಗ ಅದರಿಂದ ಹೆಚ್ಚು ಲಾಭ ಆಗೋದು ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕೋರಿಗೆ, ಲಂಚ ಹೋಗಿಲ್ಲ, ಊರಿನಿಂದ ತಾಲ್ಲೂಕಿಗೆ ಬಡ್ತಿ ಪಡೆದಿದೆ ಅಂತ ಅವರ ವಾದ. ಪೂರ್ತಿ ಒಪ್ಪದಿದ್ದರೂ ಅದರಲ್ಲಿ ಒಂದು ಮಾತು ತಳ್ಳಿಹಾಕೋಕೆ ಆಗಲ್ಲ. ದಾಖಲೆ ಎಲ್ಲರಿಗೂ ತೆರೆದುಕೊಂಡಾಗ ಅದನ್ನ ಓದೋಕೆ ಹೆಚ್ಚು ಶಕ್ತಿ ಇರೋನು ಹೆಚ್ಚು ಓದ್ತಾನೆ.

ತಾಲ್ಲೂಕು ಸರ್ವರುಗಳೂ ಹೆಚ್ಚು ಕಾಲ ಒಂಟಿಯಾಗಿ ಉಳಿಯಲಿಲ್ಲ. ದತ್ತಾಂಶ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿತು. ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರ ಬಂತು, 2012ರ ಡಿಸೆಂಬರಿನಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂತು, ಈಗ ಮೊಬೈಲಿನಲ್ಲೇ ಪಹಣಿ ನೋಡಬಹುದು. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಆದರೆ ಜೆ-ಸ್ಲಿಪ್ ಅನ್ನೋದು ತಾನಾಗಿಯೇ ತಹಸೀಲ್ದಾರ್ ಕಚೇರಿಯ ಭೂಮಿ ವ್ಯವಸ್ಥೆಗೆ ಹೋಗಿ ಖಾತೆ ಬದಲಾವಣೆ ಪ್ರಕ್ರಿಯೆ ಶುರುವಾಗುತ್ತೆ. ಒಂದು ಕಡೆ ಘಟನೆ, ಇನ್ನೊಂದು ಕಡೆ ಕೆಲಸ. ನನ್ನ ಏಜೆಂಟಿಗೆ ಟೆಲಿಗ್ರಾಂ ಸಂದೇಶ ಬಂದಾಗ ಆಗೋದೂ ಇದೇ. ಇತ್ತ ಹಳ್ಳಿಯಲ್ಲಿ ಲೆಕ್ಕಿಗರ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೊಸ ಹೆಸರು ಬಂತು, ಅವರ ಫೋನಿಗೆ ಸಾಲು ಸಾಲು ಆಪ್‌ಗಳು ಬಂದವು. 2024ರ ಸೆಪ್ಟೆಂಬರ್ ಹೊತ್ತಿಗೆ ಆಪ್‌ಗಳ ಹೊರೆ ತಾಳಲಾರದೆ ಅವರು ಮುಷ್ಕರ ಹೂಡಿದರು. ದಫ್ತರ ಹೋಯ್ತು, ದಫ್ತರ ತುಂಬುವ ಕೆಲಸ ಹೋಗಲಿಲ್ಲ!

*

ಈಗ ನನಗೆ ನಿಜವಾಗಿ ಕುತೂಹಲ ಇರೋ ಜಾಗಕ್ಕೆ ಬರ್ತೀನಿ. ಮನೆ ಬದಲಾಯಿಸುವಾಗ ಏನು ಹೋಗಲ್ಲ?

ಭೂಮಿಗೆ ಹೋಗಿದ್ದು ಕೊನೆಯ ಸ್ಥಿತಿ. ಇವತ್ತು ಪಹಣಿಯಲ್ಲಿ ಏನಿದೆಯೋ ಅದು. ಅದರ ಹಿಂದಿನ ನಲವತ್ತು ವರ್ಷದ ಮ್ಯುಟೇಶನ್ ಪುಸ್ತಕ, ಹಳೇ ಸೂಚಿ, ಯಾವುದೋ ಪುಟದ ಅಂಚಿನಲ್ಲಿ ಬರೆದ ಷರಾ, ಇವು ರೆಕಾರ್ಡ್ ರೂಮಿನಲ್ಲೇ ಕೂತವು. ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಬದು ಹಾಕಿ ಉಳುತ್ತಿದ್ದದ್ದು ಎಲ್ಲಿಗೂ ಹೋಗಲಿಲ್ಲ, ಯಾಕಂದ್ರೆ ಪೋಡಿ ಆಗಿರಲಿಲ್ಲ, ಒಂದೇ ನಂಬರಿನಲ್ಲಿ ಹತ್ತು ಹೆಸರು. ತೀರಿಹೋದ ಮುತ್ತಾತಂದಿರು ಮಾತ್ರ ಹಾಗೇ ಸರ್ವರ್ ಸೇರಿ ಚಿರಂಜೀವಿಗಳಾದರು. ಪೌತಿ ಖಾತೆ ಆಂದೋಲನ ಅಂತ ಸರ್ಕಾರ ಇವತ್ತಿಗೂ ಅವರನ್ನ ಇಳಿಸೋ ಕೆಲಸದಲ್ಲೇ ಇದೆ.

ರೈತರಲ್ಲಿ "3 ಮತ್ತು 9" ಅಂದರೆ ಸಾಕು, ಅರ್ಥ ಆಗುತ್ತೆ. ಪಹಣಿಯ 3ನೇ ಕಾಲಮಿನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, 9ನೇ ಕಾಲಮಿನಲ್ಲಿ ಖಾತೆದಾರರ ಹೆಸರು ಮತ್ತು ಅವರವರ ವಿಸ್ತೀರ್ಣ. ಎರಡೂ ತಾಳೆ ಆಗಬೇಕು. ಎಷ್ಟೋ ಕಡೆ ಆಗಲ್ಲ. ಪುಸ್ತಕದಲ್ಲಿದ್ದಾಗ ಇದು ಸಮಸ್ಯೆಯೇ ಆಗಿರಲಿಲ್ಲ. ಯಾಕಂದ್ರೆ ಲೆಕ್ಕಿಗನಿಗೆ ಗೊತ್ತಿತ್ತು, "ಓ, ಅದು ದಾರಿಗೆ ಬಿಟ್ಟ ಎರಡು ಗುಂಟೆ" ಅಂತ. ಯಂತ್ರಕ್ಕೆ ಗೊತ್ತಿಲ್ಲ. ತಾಳೆ ಆಗದಿದ್ದರೆ ಮುಂದಕ್ಕೆ ಬಿಡಲ್ಲ. ಬ್ಯಾಂಕಿನವರು ಸಾಲ ಕೊಡೋವಾಗ ಬೆರಳು ತೋರಿಸ್ತಾರೆ. ತಿದ್ದುಪಡಿಗೆ ಅರ್ಜಿ, ಅರ್ಜಿಗೆ ಮೂಲ ದಾಖಲೆ, ಮೂಲ ದಾಖಲೆಗೆ ರೆಕಾರ್ಡ್ ರೂಮು. ಮೊದಲು ತಪ್ಪು ಮಾಡೋದೂ ಸುಲಭ, ತಿದ್ದೋದೂ ಸುಲಭ ಇತ್ತು. ಈಗ ಎರಡೂ ಕಷ್ಟ. ಲಾಗ್ ಇರೋದರಿಂದ ಬಂದ ಲಾಭವೇ ತಿದ್ದುವವನಿಗೆ ಗೋಡೆಯಾಗಿದೆ.

ನನ್ನ ಸಣ್ಣ ವರ್ಗಾವಣೆಯಲ್ಲಿ ಆಗಿದ್ದೂ ಅಕ್ಷರಶಃ ಇದೇ, ನಗು ಬಂತು. ಎನ್‌ಎಟ್‌ಎನ್‌ನಲ್ಲಿ ಕೆಲಸದ ವಿನ್ಯಾಸವನ್ನ ಜೇಸನ್ ಕಡತವಾಗಿ ಹೊರತೆಗೆದು ಹೊಸ ಜಾಗದಲ್ಲಿ ಹಾಕಬಹುದು, ಐದು ನಿಮಿಷದ ಕೆಲಸ. ಕೀಲಿಗಳು ಬರಲ್ಲ. ಟೆಲಿಗ್ರಾಂ, ಡೇಟಾಬೇಸು, ಭಾಷಾ ಮಾದರಿ, ಇವುಗಳ ಗುಟ್ಟುಪದಗಳೆಲ್ಲ ಹಳೇ ಯಂತ್ರದ ಎನ್‌ಕ್ರಿಪ್ಷನ್ ಕೀಲಿಯಿಂದ ಬೀಗ ಹಾಕಿಕೊಂಡಿರುತ್ತವೆ. ಹೊಸ ಮನೆಯಲ್ಲಿ ಆ ಮೋಡಿ ಅಕ್ಷರ ಓದೋರಿಲ್ಲ, ಒಂದೊಂದನ್ನೂ ಮತ್ತೆ ಕೊಡಬೇಕು. ಇನ್ನು ಎರಡು ವರ್ಷದಲ್ಲಿ ಯಾವ ಸಂದೇಶಕ್ಕೆ ಏಜೆಂಟ್ ಏನು ಯೋಚಿಸಿ ಏನು ಮಾಡಿತು ಅನ್ನೋ ಇತಿಹಾಸ? ಅದು ಹಳೇ ಡೇಟಾಬೇಸಿನಲ್ಲೇ ಉಳೀತು. "ಗೌಡ್ರ ಅಂಗಡಿ" ಅಂತ ಅಪ್ಪ ಬರೆದರೆ ಮೂರು ಗೌಡರ ಅಂಗಡಿಗಳಲ್ಲಿ ಯಾವುದು ಅಂತ ತಿಳಿಯೋಕೆ ನಾನು ಮಾಡಿದ್ದ ಸಣ್ಣ ಪುಟ್ಟ ಟಿಪ್ಪಣಿಗಳು ಯಂತ್ರದ ಒಂದು ಮೂಲೆಯ ಫೈಲಿನಲ್ಲಿದ್ದವು. ಅದನ್ನ ಹೊರತೆಗೆದು ಕೈಯಾರೆ ಸಾಗಿಸಿದೆ. ವಿನ್ಯಾಸ ಅನ್ನೋದು ಪಹಣಿ. ಆ ಫೈಲು ಅಂಚಿನ ಷರಾ.

ಇನ್ನೊಂದು ಮಾತು ಹೇಳಬೇಕು. "ಎಲ್ಲ ನನ್ನ ಮನೇಲೇ ಇದೆ" ಅನ್ನೋದು ಮೊದಲಿನಿಂದಲೂ ಅರ್ಧ ಸತ್ಯ. ಬಿಲ್ಲು ಓದೋ ಭಾಷಾ ಮಾದರಿ ನಮ್ಮ ಟೀವಿ ಪಕ್ಕ ಇರಲಿಲ್ಲ. ಅದು ಮೊದಲಿನಿಂದಲೂ ಯಾವುದೋ ದೂರದ ದತ್ತಾಂಶ ಕೇಂದ್ರದಲ್ಲಿತ್ತು, ಎಪಿಐ ಮೂಲಕ ಪ್ರತಿ ಬಿಲ್ಲೂ ಅಲ್ಲಿಗೆ ಹೋಗಿ ಬರ್ತಿತ್ತು. ಮನೆಯಲ್ಲಿದ್ದದ್ದು ಪೆಟ್ಟಿಗೆ ಮತ್ತು ಕೀಲಿ. ಲೆಕ್ಕ ಮಾಡೋ ತಲೆ ಬಾಡಿಗೆಯದು. ಈಗಿನ ಏಜೆಂಟುಗಳ ವಿಷಯದಲ್ಲಿ ಸ್ವಂತ, ಪರರದು ಅನ್ನೋ ಗೆರೆ ಎಳೆಯೋವಾಗ ಇದನ್ನ ಯಾರೂ ಜಾಸ್ತಿ ಹೇಳಲ್ಲ.

*

ಒಂದೇ ಕಡೆ ಇಟ್ಟರೆ ಆಗೋ ಇನ್ನೊಂದು ಕಷ್ಟವನ್ನೂ ಇತ್ತೀಚೆಗೆ ನೋಡಿದ್ದೀವಿ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ತೊಂದರೆಗೆ ಸಿಕ್ಕಿ, ಫೆಬ್ರವರಿ ಮೊದಲ ವಾರ ರಾಜ್ಯದಾದ್ಯಂತ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿತು. ಹೊರಗಿನಿಂದ ಸುಳ್ಳು ಕೋರಿಕೆಗಳ ಮಳೆಗರೆದ ದಾಳಿ ಅಂತ ಸರ್ಕಾರದ ಕಡೆಯಿಂದ ದೂರು ದಾಖಲಾಯ್ತು. ಶಾನುಭೋಗರ ಮನೆಗೆ ಬೆಂಕಿ ಬಿದ್ದರೆ ಒಂದು ಊರಿನ ಲೆಕ್ಕ ಹೋಗ್ತಿತ್ತು. ಹಿಂದೆ ತಾಲ್ಲೂಕು ಸರ್ವರ್ ಕೆಟ್ಟರೆ ಒಂದು ತಾಲ್ಲೂಕಿಗೆ ರಜೆ. ಈಗ ಇಡೀ ರಾಜ್ಯಕ್ಕೆ. ಹಾಗಂತ ಅಪಾಯ ಹೆಚ್ಚಾಯ್ತಾ? ಊರಿನ ಬೆಂಕಿಯಲ್ಲಿ ಲೆಕ್ಕವೇ ಸುಟ್ಟುಹೋಗ್ತಿತ್ತು, ಇಲ್ಲಿ ಕೆಲಸ ನಿಂತು ಮತ್ತೆ ಶುರುವಾಯ್ತು. ಎರಡು ಬೇರೆ ಬೇರೆ ಥರದ ನಷ್ಟ, ಒಂದೇ ತಕ್ಕಡಿಯಲ್ಲಿ ತೂಗೋಕೆ ಬರಲ್ಲ.

ಮ್ಯಾನೇಜ್ಡ್ ಮನೆಗಳಿಗೆ ಇನ್ನೊಂದು ಗುಣ ಇದೆ. ಮಾಲೀಕ ಮನೆಯನ್ನೇ ಮುಚ್ಚಬಹುದು. ಹಳೇ ಬ್ಲಾಗಿಗರಿಗೆ ಇದನ್ನ ನಾನು ಹೇಳಬೇಕಿಲ್ಲ. ಜಿಯೋಸಿಟೀಸ್ 2009ರಲ್ಲಿ ಹೋಯ್ತು, ಆರ್ಕುಟ್ 2014ರಲ್ಲಿ. ಏಜೆಂಟುಗಳ ಅಜ್ಜ ಅನ್ನಬಹುದಾದ ಯಾಹೂ ಪೈಪ್ಸ್ ನೆನಪಿದೆಯಾ? 2007ರಲ್ಲಿ ಬಂದಿದ್ದು. ಫೀಡುಗಳನ್ನ ಪೈಪಿನ ಥರ ಜೋಡಿಸಿ, ಸೋಸಿ, ಬೇಕಾದ್ದಷ್ಟೇ ತಗೊಳ್ಳೋ ಸೌಲಭ್ಯ. ಚಿತ್ರದ ಹಾಗೆ ಪೆಟ್ಟಿಗೆ ಪೆಟ್ಟಿಗೆ ಜೋಡಿಸೋ ಆ ರೀತಿ ಇವತ್ತಿನ ಎನ್‌ಎಟ್‌ಎನ್‌ನಲ್ಲೂ ಇದೆ. 2015ರ ಸೆಪ್ಟೆಂಬರ್ 30ಕ್ಕೆ ಅದನ್ನ ಮುಚ್ಚಿದರು. ಕಟ್ಟಿದ ಪೈಪನ್ನ ಬೇರೆ ಕಡೆ ಹಾಗೇ ಓಡಿಸೋಕೆ ಬೇರೆ ಮನೆಯೇ ಇರಲಿಲ್ಲ. 2019ರಲ್ಲಿ ಬರ್ಲಿನ್‌ನಿಂದ ಎನ್‌ಎಟ್‌ಎನ್ ಬಂದಾಗ ಜನ ಖುಷಿಪಟ್ಟಿದ್ದಕ್ಕೆ ಇದೂ ಒಂದು ಕಾರಣ: ಅದೇ ವಿನ್ಯಾಸ ಬಾಡಿಗೆ ಮನೆಯಲ್ಲೂ ಓಡುತ್ತೆ, ಸ್ವಂತ ಮನೆಯಲ್ಲೂ ಓಡುತ್ತೆ. ನಾನು ಧೈರ್ಯವಾಗಿ ಹೊರಟಿದ್ದು, ವಾಪಸ್ ಬರೋ ದಾರಿ ಇದೆ ಅಂತಲೇ.

ಆದ್ದರಿಂದ ಅಪ್ಪನಿಗೆ ನಾನು ಕೊಟ್ಟ ಉತ್ತರ ಹೀಗಿದೆ. ಏಜೆಂಟ್ ಓಡೋದು ಅವರ ಮನೆಯಲ್ಲಿ. ಲೆಕ್ಕದ ಪುಸ್ತಕದ ಪ್ರತಿ ಪ್ರತೀ ಭಾನುವಾರ ರಾತ್ರಿ ಆದಿವಾಲದ ಹಳೇ ಮಿನಿ ಪಿಸಿಗೆ ಬಂದು ಬೀಳುತ್ತೆ, ಸಾದಾ ಕೋಷ್ಟಕವಾಗಿ, ಯಾವ ತಂತ್ರಾಂಶದಲ್ಲಿ ಬೇಕಾದರೂ ತೆರೆಯೋ ಹಾಗೆ. ತಿಂಗಳಿಗೊಮ್ಮೆ ಅದರ ಪ್ರಿಂಟು. ಕೈಸಾಲದ ಲೆಕ್ಕ ಮಾತ್ರ ಏಜೆಂಟಿಗೆ ಕೊಡೋದು ನಿಲ್ಲಿಸಿದ್ದೀನಿ, ಅದು ಅಪ್ಪನ ಡೈರಿಗೆ ವಾಪಸ್ ಹೋಯ್ತು, ಯಾಕಂದ್ರೆ ಅದರಲ್ಲಿರೋದು ಬೇರೆಯವರ ಹೆಸರು, ಅವರನ್ನ ನಾವು ಕೇಳಿಲ್ಲ. ಹಿಂದೆ ಶಾನುಭೋಗರು ಜಮಾಬಂದಿಗೆ ಅಂತ ದಫ್ತರ ಹೊತ್ತು ತಾಲ್ಲೂಕಿಗೆ ಹೋಗ್ತಿದ್ದರು. ಈಗ ಉಲ್ಟಾ ಜಮಾಬಂದಿ, ದೊಡ್ಡ ಕಚೇರಿಯೇ ವಾರಕ್ಕೊಮ್ಮೆ ಊರಿಗೆ ಬಂದು ಲೆಕ್ಕ ಒಪ್ಪಿಸುತ್ತೆ.

"ತಾಳೆ ನೋಡೋರು ಯಾರು?" ಅಂದರು ಅಪ್ಪ. ನೀವೇ ಅಂದೆ. ಕನ್ನಡಕ ಬದಲಾಯಿಸಬೇಕು ಅಂದರು.

ಅಂದ ಹಾಗೆ, ಸಾಗದೆ ಉಳಿದ ಆ ಅಂಚಿನ ಷರಾಗಳ ಸರದಿ ಈಗ ಬಂದಿದೆ. ಭೂ ಸುರಕ್ಷಾ ಅನ್ನೋ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ದಾಖಲೆಗಳನ್ನ ಪುಟ ಪುಟವಾಗಿ ಸ್ಕ್ಯಾನ್ ಮಾಡ್ತಿದ್ದಾರೆ. ಭೂಮಿ ಬಂದು ಕಾಲು ಶತಮಾನ ಆದ ಮೇಲೆ. ಆದರೆ ಅಲ್ಲಿ ಇರೋದು ಕಚೇರಿಗೆ ಒಪ್ಪಿಸಿದ ಪುಸ್ತಕಗಳು ಮಾತ್ರ. ಶಾನುಭೋಗರ ಮನೆಗಳ ಅಟ್ಟದಲ್ಲೇ ಉಳಿದ ಬಟ್ಟೆಯ ಕಡತ, ಖಿರ್ದಿ ಪುಸ್ತಕ, ಮೋಡಿ ಅಕ್ಷರದ ಚೀಟಿಗಳು ಯಾವ ಯೋಜನೆಯಲ್ಲೂ ಬರಲ್ಲ. ನಿಮ್ಮಲ್ಲಿ ಯಾರದಾದರೂ ಶಾನುಭೋಗರ ಮನೆತನ ಇದ್ದರೆ, ಅಟ್ಟದಲ್ಲಿ ಅಂಥದ್ದೇನಾದರೂ ಇದ್ದರೆ, ದಯವಿಟ್ಟು ಒಂದು ಫೋಟೋ ತೆಗೆದಿಡಿ. ಆ ಅಕ್ಷರ ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂತು ಓದಿಸಿ ಬರೆದಿಟ್ಟುಕೊಳ್ಳಿ. ಸಿಕ್ಕಿದ್ದನ್ನ ನನಗೂ ತಿಳಿಸಿ, ನಾನು ಹಿರಿಯೂರು ಕಡೆಯ ಒಂದೆರಡು ಮನೆಗಳಲ್ಲಿ ಕೇಳಿದ್ದೀನಿ, ಯುಗಾದಿ ಆದ ಮೇಲೆ ಅಟ್ಟ ಇಳಿಸ್ತೀವಿ ಅಂದಿದ್ದಾರೆ.